ವೈಫೈ ಅಡಾಪ್ಟರ್ ತನ್ನನ್ನು ಸಿಡಿ ಅಂದಾಗ: ಡ್ರೈವರ್ ವಿಷಯದಲ್ಲಿ ಲಿನಕ್ಸ್, ವಿಂಡೋಸ್

ನನ್ನ ಲ್ಯಾಪ್‌ಟಾಪ್‌ನ ಒಳಗಿನ ವೈಫೈ ಕೆಟ್ಟುಹೋಯಿತು. ಸಿಕ್ಕಿದ್ದರಲ್ಲೇ ಅಗ್ಗದ ಯುಎಸ್‌ಬಿ ಅಡಾಪ್ಟರ್ ಒಂದನ್ನು ಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ವಿಂಡೋಸ್ ಎರಡೂ ಇವೆ, ಹಾಗಾಗಿ ಎರಡರಲ್ಲೂ ಹಾಕಿ ನೋಡಿದೆ. ಲಿನಕ್ಸ್‌ನಲ್ಲೇ ಜಾಸ್ತಿ ಒದ್ದಾಡಿದೆ. ಆದರೂ ನನ್ನ ಓಟು ಲಿನಕ್ಸ್‌ಗೇ.

ಸಾಧನವನ್ನು ನಡೆಸುವ ಸಾಫ್ಟ್‌ವೇರ್‌ಗೆ ಡ್ರೈವರ್ ಅನ್ನುತ್ತಾರೆ. ಅದನ್ನು ಹುಡುಕುವ ಮೂಲ ಕೆಲಸ ಎರಡರಲ್ಲೂ ಒಂದೇ. ಸಾಧನ ಸಿಕ್ಕಿಸಿದ ಕೂಡಲೇ ಅದು ತನ್ನ ಗುರುತು ಹೇಳುತ್ತದೆ. ತಯಾರಕರ ನಂಬರ್ ಒಂದು, ಮಾದರಿಯ ನಂಬರ್ ಒಂದು, ಒಂದೊಂದೂ 16 ಬಿಟ್. ಜತೆಗೆ ತಾನು ಯಾವ ಕ್ಲಾಸ್ ಅಂತಲೂ ಹೇಳುತ್ತದೆ. 03 ಅಂದರೆ ಕೀಬೋರ್ಡ್, ಮೌಸ್ ಥರದ್ದು. 08 ಅಂದರೆ ಸ್ಟೋರೇಜ್. ವಿಂಡೋಸ್ ಈ ಗುರುತನ್ನು ತನ್ನ ಡ್ರೈವರ್ ಸ್ಟೋರ್‌ನಲ್ಲಿರುವ ಐಎನ್‌ಎಫ್ ಫೈಲ್‌ಗಳಲ್ಲಿ (ಯಾವ ಗುರುತಿಗೆ ಯಾವ ಡ್ರೈವರ್ ಅಂತ ಬರೆದಿರುವ ಫೈಲ್‌ಗಳು) ಹುಡುಕುತ್ತದೆ. ಅಲ್ಲಿ ಸಿಗದಿದ್ದರೆ ವಿಂಡೋಸ್ ಅಪ್‌ಡೇಟ್‌ನಲ್ಲಿ ನೋಡುತ್ತದೆ. ಲಿನಕ್ಸ್‌ನಲ್ಲಿ ಅದರ ತಿರುಳಾದ ಕರ್ನಲ್ ಆ ನಂಬರ್‌ಗಳನ್ನೆಲ್ಲ ಪೋಣಿಸಿ 'ಮೋಡ್‌ಅಲಿಯಾಸ್' ಅನ್ನುವ ಒಂದು ಸಾಲು ಮಾಡುತ್ತದೆ. ಸಾಧನಗಳು ಬರುವುದನ್ನು ಗಮನಿಸುವ ಯುಡೆವ್ ಅನ್ನುವ ಪ್ರೋಗ್ರಾಂ ಅದನ್ನು ಹಿಡಿದು, ಪಟ್ಟಿಯಲ್ಲಿ ಹೊಂದುವ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಡ್ರೈವರ್ ತುಣುಕು) ಹುಡುಕಿ ಲೋಡ್ ಮಾಡಿಸುತ್ತದೆ. ಆ ಪಟ್ಟಿ ಸಾದಾ ಟೆಕ್ಸ್ಟ್ ಫೈಲ್, ಯಾರು ಬೇಕಾದರೂ ತೆರೆದು ಓದಬಹುದು.

ಈಗ ನನ್ನ ಗೋಳಿಗೆ ಬರುತ್ತೇನೆ. ಲಿನಕ್ಸ್‌ನಲ್ಲಿ ಅಡಾಪ್ಟರ್ ಹಾಕಿದೆ. ವೈಫೈ ಬರಲಿಲ್ಲ. ಬದಲಿಗೆ ಫೈಲ್ ಮ್ಯಾನೇಜರ್‌ನಲ್ಲಿ ಒಂದು ಸಿಡಿ ಬಂತು! ಒಳಗೆ ವಿಂಡೋಸ್‌ಗೆ ಬೇಕಾದ ಸೆಟಪ್ ಫೈಲ್. ಡ್ರೈವರ್ ಇಲ್ಲ ಅಂದುಕೊಂಡು ಒಂದಿಡೀ ಸಂಜೆ ಯಾವ್ಯಾವುದೋ ಮಾಡ್ಯೂಲ್ ಕಂಪೈಲ್ ಮಾಡುತ್ತಾ ಕೂತೆ. ಒಂದರಿಂದಲೂ ಪ್ರಯೋಜನ ಆಗಲಿಲ್ಲ.

ಕೊನೆಗೆ ಕರ್ನಲ್ ಲಾಗ್ (ನಡೆದದ್ದನ್ನು ಕರ್ನಲ್ ಬರೆದಿಡುವ ದಾಖಲೆ) ನಿಧಾನವಾಗಿ ಓದಿದೆ. ವಿಷಯ ಅಲ್ಲೇ ಇತ್ತು. ಅಡಾಪ್ಟರ್ ತನ್ನನ್ನು ಕ್ಲಾಸ್ 08 ಅಂತ ಹೇಳಿಕೊಂಡಿತ್ತು. ಲಿನಕ್ಸ್ ಅದನ್ನು ನಂಬಿ ಸ್ಟೋರೇಜ್ ಡ್ರೈವರ್ ಲೋಡ್ ಮಾಡಿತ್ತು. ಲಿನಕ್ಸ್‌ನ ತಪ್ಪೇನೂ ಇಲ್ಲ, ಅಲ್ವಾ? ಸಾಧನ ಹೇಳಿದ ಹೆಸರಿಗೆ ತಕ್ಕ ಡ್ರೈವರ್ ಕೊಟ್ಟಿದೆ. ಸುಮ್ನೆ ಆ ಸಿಡಿಯ ಮೇಲೆ ಇಜೆಕ್ಟ್ ಒತ್ತಿದೆ. ಲಾಗ್‌ನಲ್ಲಿ ಸಾಧನ ಕಳಚಿಕೊಂಡ ಸಾಲು ಬಂತು. ಮರುಕ್ಷಣ ಬೇರೆ ಮಾದರಿ ನಂಬರ್‌ನೊಂದಿಗೆ ಅದೇ ಅಡಾಪ್ಟರ್ ಮತ್ತೆ ಕಾಣಿಸಿತು. ಈ ಸಲ ವೈಫೈ ಮಾಡ್ಯೂಲ್ ತಾನಾಗೇ ಲೋಡ್ ಆಯಿತು. ಡ್ರೈವರ್ ಮೊದಲಿನಿಂದಲೂ ಕರ್ನಲ್ ಜತೆಗೇ ಇತ್ತು.

ಆದರೆ ಪ್ರತಿ ಸಲ ಬೂಟ್ ಮಾಡಿದಾಗಲೂ ಮತ್ತೆ ಸಿಡಿ. ಈ ಸಿಡಿ ವೇಷ ಬಿಡಿಸಲು 'ಯುಎಸ್‌ಬಿ ಮೋಡ್‌ಸ್ವಿಚ್' ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಅದನ್ನು ಓಡಿಸಲು ಒಂದು ಯುಡೆವ್ ರೂಲ್ (ಯಾವ ನಂಬರ್ ಬಂದರೆ ಏನು ಮಾಡಬೇಕು ಅನ್ನುವ ಸೂಚನೆ) ಬರೆದೆ. ಕೆಲಸ ಮಾಡಲಿಲ್ಲ. ನೋಡಿದರೆ ರೂಲ್‌ನಲ್ಲಿ ನಾನು ವೈಫೈ ಆದ ಮೇಲಿನ ನಂಬರ್ ಹಾಕಿದ್ದೆ. ಹಾಕಬೇಕಾಗಿದ್ದದ್ದು ಸಿಡಿಯಾಗಿ ಬರುವಾಗಿನ ನಂಬರ್. ಮಾದರಿ ನಂಬರ್‌ನ ನಾಲ್ಕು ಅಕ್ಷರ ಬದಲಿಸಿ, ಅಡಾಪ್ಟರ್ ಕಿತ್ತು ಮತ್ತೆ ಹಾಕಿದೆ. ಸರಿಹೋಯಿತು. ನಿಮಗೂ ಹೀಗಾದರೆ ದಯವಿಟ್ಟು ಮೊದಲು ಆ ನಂಬರ್ ನೋಡಿ, ಆಮೇಲೆ ಮಿಕ್ಕಿದ್ದು.

ವಿಂಡೋಸ್‌ನಲ್ಲಿ ಇದೇ ಅಡಾಪ್ಟರ್ ಐದು ನಿಮಿಷದ ಕೆಲಸ. ಸಿಡಿ ಬಂತು, ಸೆಟಪ್ ಒತ್ತಿದೆ, ರೀಸ್ಟಾರ್ಟ್ ಮಾಡಿದೆ, ಮುಗೀತು. ಇದನ್ನು ಒಪ್ಪಲೇಬೇಕು.

ಗೆಳೆಯನ ಹತ್ತಿರ ಒಂದು ಹಳೆಯ ಅಡಾಪ್ಟರ್ ಇತ್ತು, ಒಳಗೆ ಸಿಡಿ ಗಿಡಿ ಏನೂ ಇಲ್ಲದ್ದು. ಅದನ್ನೂ ಹಾಕಿ ನೋಡಿದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತು, ಕೋಡ್ 28. ಅಂದರೆ ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ. ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಬೀಜ ಮೊದಲೋ ವೃಕ್ಷ ಮೊದಲೋ ಅನ್ನುವ ಹಾಗೆ. ಫೋನ್‌ಗೆ ಕೇಬಲ್ ಹಾಕಿ ಅದರಿಂದ ನೆಟ್ ಕೊಟ್ಟ ಮೇಲೆ ವಿಂಡೋಸ್ ಅಪ್‌ಡೇಟ್ ತಾನೇ ಹುಡುಕಿ ತಂದಿತು. ಲಿನಕ್ಸ್‌ನಲ್ಲಿ ಹಾಕಿದ ತಕ್ಷಣ ವೈಫೈ ಪಟ್ಟಿ ಬಂತು.

ಫರ್ಮ್‌ವೇರ್ (ಸಾಧನದ ಒಳಗೇ ಓಡುವ ಸಾಫ್ಟ್‌ವೇರ್) ಬೇಡುವ ಸಾಧನವಾದರೆ ಲಿನಕ್ಸ್‌ನಲ್ಲೂ ಆ ಫೈಲ್ ಇರಬೇಕು. ಇಲ್ಲದಿದ್ದರೆ ಲಾಗ್‌ನಲ್ಲಿ ಮೈನಸ್ 2 ಅಂತ ಎರರ್ ಬರುತ್ತದೆ. ಫೈಲ್ ಸಿಗಲಿಲ್ಲ ಅಂತ ಅದರ ಅರ್ಥ.

ನಾನು ಹಳೇ ಸಾಮಾನು ಇಟ್ಟುಕೊಂಡು ಕೆಲಸ ಮಾಡುವವನು. ಹೊಸದು ಕೊಳ್ಳಲು ಪ್ರತಿ ಸಲ ದುಡ್ಡು ಇರುವುದಿಲ್ಲ. ಏನು ನಡೆಯಿತು ಅನ್ನುವುದನ್ನು ಸಾಲುಸಾಲಾಗಿ ಲಾಗ್‌ನಲ್ಲಿ ಓದುವ ಅಭ್ಯಾಸವೂ ಇದೆ. ಅದಕ್ಕೇ ನನಗೆ ಲಿನಕ್ಸ್ ಒಗ್ಗುತ್ತದೆ. ಟರ್ಮಿನಲ್ ಕಂಡರೇ ಬೇಸರ ಅನ್ನುವವರು, ಹೊಸ ಸಾಧನಗಳನ್ನೇ ಕೊಳ್ಳುವವರು ವಿಂಡೋಸ್‌ನಲ್ಲೇ ಇರಲಿ, ಅವರಿಗೆ ಅದೇ ಸಲೀಸು.

ರೂಲ್ ಬರೆದು ಮೂರು ವಾರವಾಯಿತು. ನಡುವೆ ಕರ್ನಲ್ ಕೂಡ ಎರಡು ಸಲ ಅಪ್‌ಡೇಟ್ ಆಗಿದೆ. ಈಗ ಬೂಟ್ ಆದಾಗ ಸಿಡಿಯ ಚಿತ್ರ ಒಂದು ಕ್ಷಣ ಕಾಣಿಸಿ ಹೋಗುತ್ತದೆ, ಅದರ ಹಿಂದೆಯೇ ವೈಫೈ ಬರುತ್ತದೆ.