ವಿಶ್ವವಿದ್ಯಾಲಯದ ಬರವಣಿಗೆ ನೆರವು: ಮೇಜಿನ ಈಚೆ ಬದಿಯಿಂದ ಕಂಡಂತೆ

ವಿಶ್ವವಿದ್ಯಾಲಯವೊಂದರ ಬರವಣಿಗೆ ವಿಭಾಗವು ನಗರದ ಹಳೆಯ ಬಡಾವಣೆಯೊಂದರ ಗ್ರಂಥಾಲಯದಲ್ಲಿ ವಾರಕ್ಕೆರಡು ಸಂಜೆ ಉಚಿತವಾಗಿ ನಡೆಸುವ ಬರವಣಿಗೆ ನೆರವಿನ ಸೇವೆಯನ್ನು ನಾನು ಒಂದು ಸೆಮಿಸ್ಟರಿನ ಉದ್ದಕ್ಕೂ ಬಳಸಿದ್ದೇನೆ. ಮೊದಲು ನನ್ನದೇ ಅರ್ಜಿಯೊಂದನ್ನು ತಿದ್ದಿಸಿಕೊಳ್ಳಲೆಂದು ಹೋದವನು, ಆಮೇಲೆ ನೆರೆಮನೆಯ ಹಿರಿಯರೊಬ್ಬರ ಜೊತೆಗೆಂದು ಹೋಗತೊಡಗಿದೆ. ವಿಭಾಗದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ತಕರಾರು ಅಲ್ಲಿನ ಯಾರ ಮೇಲೂ ಅಲ್ಲ, ಇಂಥ ಕಾರ್ಯಕ್ರಮಗಳನ್ನು ರೂಪಿಸುವ ಬಗೆಯ ಮೇಲೆ.

ಮೇಜಿನ ಬಳಿ ನಡೆಯುವ ಕೆಲಸ ನಿಜಕ್ಕೂ ಚೆನ್ನಾಗಿದೆ. ನಾನು ಅರ್ಜಿಯನ್ನು ಮುಂದೆ ಚಾಚಿದಾಗ ಮೇಜಿನ ಆಚೆ ನೆರವಿಗೆ ಕುಳಿತಿದ್ದ ವಿಭಾಗದ ವಿದ್ಯಾರ್ಥಿನಿ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ನೀವೇ ಒಮ್ಮೆ ಗಟ್ಟಿಯಾಗಿ ಓದಿ ಸರ್” ಎಂದರು. ಮೂರನೆಯ ವಾಕ್ಯದಲ್ಲಿ ನನ್ನ ನಾಲಿಗೆ ತಡವರಿಸಿತು. ಎರಡನೆಯ ಪುಟದ ನಡುವಿಗೆ ಬಂದಾಗಲೇ ನಾನು ಕೇಳಬೇಕಾದದ್ದನ್ನು ಇನ್ನೂ ಕೇಳಿಲ್ಲವೆಂಬುದು ನನಗೆ ಹೊಳೆದದ್ದು. “ಇದನ್ನು ಓದಿದವರು ಏನು ಮಾಡಬೇಕು?” ಎಂಬ ಅವರ ಒಂದೇ ಪ್ರಶ್ನೆಗೆ ಮೊದಲ ಪುಟದ ಮುಕ್ಕಾಲು ಭಾಗ ಹಾರಿಹೋಯಿತು. ಕೊನೆಯವರೆಗೂ ಪೆನ್ನು ನನ್ನ ಕೈಯಲ್ಲೇ ಇತ್ತು. ಬರಹವನ್ನಲ್ಲ, ಬರೆಯುವವರನ್ನು ಉತ್ತಮಗೊಳಿಸುವುದೇ ಬರವಣಿಗೆ ಕೇಂದ್ರದ ಕೆಲಸವೆಂದು ಅಮೆರಿಕದ ಬರವಣಿಗೆ ಬೋಧನೆಯ ವಿದ್ವಾಂಸ ಸ್ಟೀಫನ್ ನಾರ್ತ್ 1984ರಲ್ಲಿ ಮಂಡಿಸಿದ ವಾದವೇ ಈ ಪದ್ಧತಿಯ ಹಿಂದಿದೆ. ತಿದ್ದಿಕೊಟ್ಟರೆ ಸಾಕಪ್ಪ ಎಂದು ಬಂದವರಿಗೆ ಮೊದಲ ಕಾಲು ಗಂಟೆ ಕಿರಿಕಿರಿಯಾಗುವುದೂ ಸಹಜ, ನನಗೂ ಆಗಿತ್ತು.

ತೊಡಕು ಶುರುವಾದದ್ದು ಹಿರಿಯರ ಸರದಿ ಬಂದಾಗ. ಅವರು ತಂದಿದ್ದು ದುಪ್ಪಟ್ಟು ಬಂದಿದ್ದ ನೀರಿನ ಬಿಲ್ಲು. ಅವರಿಗೆ ಬೇಕಿದ್ದದ್ದು ಒಂದು ಆಕ್ಷೇಪಣಾ ಪತ್ರ. ಎದುರು ಕುಳಿತಿದ್ದ ವಿದ್ಯಾರ್ಥಿಗೆ ಮಾತ್ರ ಸೆಮಿಸ್ಟರಿನ ಕೊನೆಗೆ ಹೊರಬರುವ ಪುಸ್ತಿಕೆಗೆಂದು ಬಡಾವಣೆಯವರ ಬದುಕಿನ ಕತೆಯೊಂದು ಬೇಕಿತ್ತು, ಅದಕ್ಕೆ ಅಂಕಗಳೂ ಇದ್ದವು. ನಯವಾಗಿಯೇ ಎರಡು ಸಲ ಕೇಳಿದ ಅವನಿಗೆ ಹಿರಿಯರು, “ಕತೆ ಆಮೇಲೆ ಹೇಳೋಣಪ್ಪ, ಮೊದಲು ಈ ಬಿಲ್ಲಿಗೊಂದು ಗತಿ ಕಾಣಿಸು” ಎಂದರು. ಪತ್ರವೂ ಆಯಿತು, ಕತೆಯೂ ಆಯಿತು. ಆದರೆ ಆ ಕತೆಗೆ ಶೀರ್ಷಿಕೆ ಕೊಟ್ಟವರು ಬೇರೆ ಯಾರೋ. ಕೆಲವು ಸಾಲುಗಳನ್ನು ಕೈಬಿಟ್ಟದ್ದು ಹಿರಿಯರಿಗೆ ಗೊತ್ತಾದದ್ದು ಅಚ್ಚಾದ ಮೇಲೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರು ನಿಜ, ಆದರೆ ಸಹಿ ಹಾಕುವಾಗ ಕತೆಯಿನ್ನೂ ಬರೆದೇ ಆಗಿರಲಿಲ್ಲ.

ಬೇರೆ ರೀತಿಯಲ್ಲಿ ನಡೆಸಲು ಸಾಧ್ಯವಿಲ್ಲವೆಂದೇನೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೂ ಕಮ್ಯುನಿಟಿ ಹೌಸ್ ಎಂಬ ಹಳೆಯ ಸಮುದಾಯ ಕೇಂದ್ರದವರೂ ಸೇರಿ 1989ರಲ್ಲಿ ಕಮ್ಯುನಿಟಿ ಲಿಟರಸಿ ಸೆಂಟರ್ ತೆರೆದರು. ಅಲ್ಲಿ ಹದಿಹರೆಯದವರು ಕಾಲೇಜು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು, ಶಾಲೆಯಿಂದ ಅಮಾನತು ಮಾಡುವ ಪದ್ಧತಿಯಂತಹ ತಮ್ಮದೇ ಸಮಸ್ಯೆಗಳ ಮೇಲೆ ಬರೆದು, ಆ ಬರಹವನ್ನು ಕೈಯಲ್ಲಿ ಹಿಡಿದು, ತೀರ್ಮಾನ ತೆಗೆದುಕೊಳ್ಳುವ ಹಿರಿಯರನ್ನು ಸಭೆಗೆ ಕರೆಸಿ ಮಾತಾಡುತ್ತಿದ್ದರು. ಆ ಬರಹಕ್ಕೆ ಎದುರಿಗೊಬ್ಬ ಓದುಗನಿದ್ದ, ಅವನು ಉತ್ತರ ಕೊಡಬೇಕಿತ್ತು. ಪ್ರಕಟಣೆಯ ವಿಷಯಕ್ಕೆ ಬಂದರೆ, ಬ್ರಿಟನ್ನಿನ ದುಡಿಯುವ ವರ್ಗದ ಬರಹಗಾರರ ಗುಂಪುಗಳು 1976ರಲ್ಲೇ ಒಕ್ಕೂಟ ಕಟ್ಟಿಕೊಂಡು, ತಮ್ಮ ಬರಹಗಳನ್ನು ತಾವೇ ಅಚ್ಚು ಹಾಕಿಸುವ ದಾರಿಯಲ್ಲಿ ನಡೆದಿದ್ದವು. ನಮ್ಮ ಪುಸ್ತಿಕೆಯ ಬಹುಪಾಲು ಪ್ರತಿಗಳು ಸೇರಿದ್ದು ವಿಶ್ವವಿದ್ಯಾಲಯದ ಬಿಡುಗಡೆ ಸಮಾರಂಭಕ್ಕೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಕ್ಯಾಲೆಂಡರಿನದು. ಪರೀಕ್ಷೆ ಹತ್ತಿರವಾಗುತ್ತಲೇ ಗ್ರಂಥಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಮೇಜನ್ನು ಎತ್ತಿಬಿಟ್ಟರು. ಅದರ ಮರುವಾರವೇ ಬಿಲ್ಲಿನ ಕಚೇರಿಯಿಂದ ಹೆಚ್ಚಿನ ವಿವರ ಕೋರಿ ಹಿರಿಯರಿಗೆ ಪತ್ರ ಬಂತು, ಉತ್ತರಕ್ಕೆ 15 ದಿನಗಳ ಗಡುವಿತ್ತು. ಕಡೆಗೆ ನಾವಿಬ್ಬರೇ ಕುಳಿತು, ಮೇಜಿನ ಬಳಿ ಕಲಿತಂತೆ ಗಟ್ಟಿಯಾಗಿ ಓದಿಕೊಳ್ಳುತ್ತ ಉತ್ತರ ಬರೆದೆವು. ಅಷ್ಟರಮಟ್ಟಿಗೆ ಅವರ ಪದ್ಧತಿ ಗೆದ್ದಿತೆನ್ನಬೇಕು. ಮುಂದಿನ ಸೆಮಿಸ್ಟರಿಗೆ ಬಂದ ಹೊಸ ತಂಡಕ್ಕಾದರೋ ಹಿರಿಯರ ವಿಷಯವೇ ಗೊತ್ತಿರಲಿಲ್ಲ. ಯಾರು ಏನು ತಂದಿದ್ದರು, ಎಲ್ಲಿಗೆ ನಿಂತಿದೆ ಎಂದು ಬರೆದಿಡುವ ಒಂದು ನೋಟ್‌ಬುಕ್ಕೂ ಅಲ್ಲಿಲ್ಲ. ವಿದ್ಯಾರ್ಥಿಗಳು ಬದಲಾಗಲಿ, ಅದು ಅನಿವಾರ್ಯ. ವರ್ಷವಿಡೀ ಇರುವ ಸಂಯೋಜಕರೊಬ್ಬರು ಗ್ರಂಥಾಲಯದಲ್ಲಿದ್ದರೆ ಇಷ್ಟು ತೊಂದರೆಯಾಗುತ್ತಿರಲಿಲ್ಲ.

ಇಷ್ಟಾದರೂ ಹೋಗಬೇಡಿ ಎಂದು ನಾನು ಹೇಳಲಾರೆ. ಅರ್ಜಿ, ದೂರು ಅಥವಾ ರೆಸ್ಯೂಮೆ ಬರೆಯಬೇಕಾಗಿದ್ದು, ಒಂದು ಗಂಟೆ ಕೂರುವ ವ್ಯವಧಾನವಿದ್ದರೆ ಖಂಡಿತ ಹೋಗಿ. ಆದರೆ ಸೆಮಿಸ್ಟರಿನ ಮೊದಲ ವಾರಗಳಲ್ಲೇ ಹೋಗಿ, ಎದ್ದು ಬರುವ ಮುನ್ನ ಮುಂದೇನು ಮಾಡಬೇಕೆಂಬುದನ್ನು ನಿಮ್ಮದೇ ಕೈಯಲ್ಲಿ ಬರೆದುಕೊಳ್ಳಿ. ಪುಸ್ತಿಕೆಗೆ ಕತೆ ಕೇಳಿದರೆ, ಅಚ್ಚಿಗೆ ಹೋಗುವ ಮುನ್ನ ಕಡೆಯ ಪ್ರೂಫ್ ತೋರಿಸುತ್ತೀರಾ ಎಂದು ವಿಚಾರಿಸಿ, ಹೌದೆಂದರೆ ಮಾತ್ರ ಸಹಿ ಮಾಡಿ.