ಬಿತ್ತನೆ ಗಡ್ಡೆಗೆ ಬಿಲ್ ಇತ್ತು, ನನ್ನ ಟಿಸಿಗೆ ಇರಲಿಲ್ಲ

ಸಿಇಟಿ ರ‍್ಯಾಂಕ್ ಹಿಡಿದು ಕೂತಿರುವವರು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಕೌನ್ಸೆಲಿಂಗ್ ಮುಗಿಯುವ ಮೊದಲು ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಯಾವ ಕಾಲೇಜಿಗೂ ಕೊಟ್ಟು ಬರಬೇಡಿ. ನಾವು ಕೊಟ್ಟೆವು.

ನಮ್ಮೂರು ಹಾಸನಕ್ಕೆ ಹತ್ತಿರ. ಆ ವರ್ಷ ಮೇ ತಿಂಗಳಲ್ಲಿ ಬಿತ್ತನೆ ಆಲೂಗಡ್ಡೆ ತರಲು ಅಪ್ಪ ಎಪಿಎಂಸಿಗೆ ಹೊರಟಾಗ ನಾನೂ ಹೋಗಿದ್ದೆ. ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಮೂಟೆಗಳು. ಅಪ್ಪ ಒಂದೊಂದು ಮೂಟೆಯಿಂದ ಗಡ್ಡೆ ತೆಗೆದು, ಚಾಕುವಿನಲ್ಲಿ ಕೊಯ್ದು, ಒಳಗೆ ಕಂದು ಉಂಗುರ ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿದರು. ಬಿಲ್ ಕೈಗೆ ಬರುವವರೆಗೆ ಒಂದು ಮೂಟೆಯನ್ನೂ ಗಾಡಿಗೆ ಹತ್ತಿಸಲು ಬಿಡಲಿಲ್ಲ. ಅಂಗಮಾರಿ ಬಂದು ಹೊಲಕ್ಕೆ ಹೊಲವೇ ಸುಟ್ಟು ಹೋಗಿದ್ದನ್ನು ಕಂಡವರು ಅವರು.

ಅದೇ ಮಧ್ಯಾಹ್ನ, ಪರಿಚಯದವರೊಬ್ಬರ ಮಾತು ಕೇಳಿ ಒಬ್ಬ ಅಡ್ಮಿಷನ್ ಏಜೆಂಟನ್ನು ನೋಡಿದೆವು. ಅವನು ನಮ್ಮನ್ನು ಊರ ಹೊರಗಿನ ಒಂದು ಸಣ್ಣ ಇಂಜಿನಿಯರಿಂಗ್ ಕಾಲೇಜಿಗೆ ಕರೆದುಕೊಂಡು ಹೋದ. ಬಾದಾಮಿ ಹಾಲು ಕೊಡಿಸಿದ. ಸೀಟು ಬ್ಲಾಕ್ ಮಾಡಲು ಹತ್ತು ಸಾವಿರ ಕಟ್ಟಿದೆವು. ಆಗ ಅಷ್ಟೇ.

ನಿಜವಾದ ಆಟ ಶುರುವಾಗಿದ್ದು ಸಿಇಟಿ ಸೀಟು ಹಂಚುವ ಕೆಇಎಯ ಮಾಕ್ ಅಲಾಟ್‌ಮೆಂಟ್ ಬಂದ ದಿನ. ನನಗೆ ಬೇಕಾದ ಯಾವುದೂ ಬಂದಿರಲಿಲ್ಲ. ಒಂದು ಗಂಟೆಯೊಳಗೆ ಏಜೆಂಟನ ಫೋನು. ‘ಯಜಮಾನ್ರೇ, ಮಾಕ್‌ನಲ್ಲೇ ಬಂದಿಲ್ಲ, ಇನ್ನೆಲ್ಲಿ ಸಿಗುತ್ತೆ? ಇವತ್ತು ಸಂಜೆಯೊಳಗೆ ಒರಿಜಿನಲ್ ಕೊಡದಿದ್ರೆ ಈ ಸೀಟೂ ಹೋಗುತ್ತೆ.’ ಮಾಕ್ ಅಂದರೆ ಬರೀ ತಾಲೀಮು. ಅದಾದ ಮೇಲೆ ಆಪ್ಷನ್‌ಗಳನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು, ನಿಜವಾದ ಸುತ್ತುಗಳು ಆಮೇಲೆ. ಇದು ನನಗೆ ಗೊತ್ತಿತ್ತು. ಆದರೂ ಹೆದರಿದೆ. ಮನೆಯಲ್ಲಿ ಎಲ್ಲರ ಮುಖ ನೋಡಿದರೆ ಹೆದರದೆ ಇನ್ನೇನು?

ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಪ್ರಮಾಣಪತ್ರ, ಜೊತೆಗೆ ಇನ್ನೂ ಐವತ್ತು ಸಾವಿರ. ಆಫೀಸಿನ ಗುಮಾಸ್ತರು ಎಲ್ಲವನ್ನೂ ಒಂದು ಫೈಲಿಗೆ ಹಾಕಿ ಬೀರುವಿನಲ್ಲಿಟ್ಟರು. ದುಡ್ಡಿಗೆ ರಸೀದಿ ಕೊಟ್ಟರು. ಕಾಗದಗಳಿಗೆ ಏನೂ ಇಲ್ಲ. ನಾನು ಕೇಳಿದ್ದಕ್ಕೆ ಏಜೆಂಟ್ ನಕ್ಕ. ‘ಸಿಇಟಿ ಸೀಟು ಸಿಕ್ಕರೆ ಬಂದು ತಗೊಂಡು ಹೋಗಪ್ಪ, ಬೇಡ ಅನ್ನೋರು ಯಾರು?’ ಮೂಟೆ ಮೂಟೆ ಗಡ್ಡೆ ಕೊಯ್ದು ನೋಡಿದ ಅಪ್ಪ ಅಲ್ಲಿ ಸುಮ್ನೆ ಕೈಕಟ್ಟಿ ನಿಂತಿದ್ದರು. ಅವರನ್ನು ದೂರುತ್ತಿಲ್ಲ. ಕಾಲೇಜು ಅಂದರೆ ನಮ್ಮ ಕಡೆ ಇನ್ನೂ ದೇವಸ್ಥಾನದ ಹಾಗೆ, ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಬುದ್ಧಿಯನ್ನೂ ಬಿಟ್ಟು ಒಳಗೆ ಹೋಗುತ್ತೇವೆ.

ಮೊದಲ ಸುತ್ತಿನಲ್ಲಿ ಬೇಡದ ಬ್ರಾಂಚ್ ಬಂತು. ಚಾಯ್ಸ್ 3 ಕೊಟ್ಟೆ, ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ ಅಂತ. ಎರಡನೇ ಸುತ್ತಿನಲ್ಲಿ ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್, ಸರ್ಕಾರಿ ಕೋಟಾದಲ್ಲಿ. ಅಮ್ಮ ಪಾಯಸ ಮಾಡಿದರು. ಫೀಸು ಕಟ್ಟಿ ಕಾಲೇಜಿಗೆ ಹೋಗಿ ಹಾಜರಾಗಲು ಇದ್ದದ್ದು ನಾಲ್ಕು ದಿನ.

ಮರುದಿನ ಬೆಳಗ್ಗೆ ಒರಿಜಿನಲ್ ಕೇಳಲು ಹೋದೆವು. ಪ್ರಿನ್ಸಿಪಾಲರು ಮೀಟಿಂಗ್‌ಗೆ ಹೋಗಿದ್ದಾರೆ. ಎರಡನೇ ದಿನ, ಬೀರುವಿನ ಕೀ ಇರುವವರು ರಜೆ. ಮೂರನೇ ದಿನ ಆಡಳಿತ ಮಂಡಳಿಯವರೊಬ್ಬರು ಕೂರಿಸಿಕೊಂಡು ನೇರವಾಗಿ ಹೇಳಿದರು: ‘ಸೀಟು ಖಾಲಿ ಆದರೆ ನಮಗೆ ನಷ್ಟ. ನಾಲ್ಕು ವರ್ಷದ ಫೀಸು ಕಟ್ಟಿ, ಕಾಗದ ತಗೊಂಡು ಹೋಗಿ.’ ಏಜೆಂಟನ ಫೋನು ಸ್ವಿಚ್ ಆಫ್. ಒರಿಜಿನಲ್ ಇಲ್ಲದೆ ಮೈಸೂರಿಗೆ ಹೋಗಿ ಏನು ಮಾಡುವುದು ಅಂತ ಫೀಸು ಕಟ್ಟಲಿಲ್ಲ. ನಾಲ್ಕನೇ ದಿನ ಸಂಜೆ ಸೀಟು ಹೋಯಿತು.

ನಿಯಮ ಗೊತ್ತಾಗಿದ್ದು ಆಮೇಲೆ, ಹಾಸ್ಟೆಲಿನ ಸೀನಿಯರ್ ಒಬ್ಬರಿಂದ. ಒರಿಜಿನಲ್ ನೋಡಿ, ತಾಳೆ ಹಾಕಿ, ಅಲ್ಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಅಂತ ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಹೇಳಿದೆ. ಇಂಜಿನಿಯರಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಐಸಿಟಿಇ ನಿಯಮವೂ ಹಾಗೇ ಇದೆ. ದಾಖಲಾತಿಯ ಕೊನೆಯ ದಿನಾಂಕದೊಳಗೆ ಸೀಟು ಬೇಡ ಅಂತ ಬರೆದುಕೊಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದದ್ದು ಕೊಡಬೇಕು. ಮುಂದಿನ ವರ್ಷಗಳ ಫೀಸು ಕೇಳುವ ಹಾಗೇ ಇಲ್ಲ. ನಾವು ಮೂರು ದಿನವೂ ಬಾಯಿಮಾತಿನಲ್ಲಿ ಬೇಡಿಕೊಂಡೆವು. ಒಂದು ಅರ್ಜಿ ಬರೆದು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡು, ಸೀಲು ಹಾಕದಿದ್ದರೆ ಅದನ್ನೇ ಇಮೇಲ್ ಮಾಡಿ ಎಐಸಿಟಿಇಗೆ, ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುಗೆ ಪ್ರತಿ ಕಳಿಸಿದ್ದರೆ ಮೊದಲ ದಿನವೇ ಬೀರುವಿನ ಕೀ ಸಿಗುತ್ತಿತ್ತೇನೋ. ನೀವು ಹಾಗೆ ಮಾಡಿ. ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನಲ್ಲೂ ಸಿಗುತ್ತದೆ, ನಮ್ಮ ಕುತ್ತಿಗೆ ಸಿಕ್ಕಿಹಾಕಿಕೊಳ್ಳುವುದು ಟಿಸಿಯಲ್ಲೇ. ಅದನ್ನು ಮಾತ್ರ ಕೈಬಿಡಬೇಡಿ.

ನಾಲ್ಕು ವರ್ಷ ಆ ಸಣ್ಣ ಕಾಲೇಜಿನಲ್ಲೇ ಓದಿದೆ. ಕ್ಲಾಸಿನಲ್ಲಿ ಇಪ್ಪತ್ತಾರು ಜನ. ಸೆಮಿಸ್ಟರ್ ನಡುವೆ ಲೆಕ್ಚರರ್ ಕೆಲಸ ಬಿಟ್ಟು ಹೋಗುತ್ತಿದ್ದರು, ಉಳಿದವರೇ ಎರಡು ಸಬ್ಜೆಕ್ಟ್ ಎಳೆಯುತ್ತಿದ್ದರು. ಪಾಠ ಮಾಡಿದವರ ಮೇಲೆ ನನಗೆ ಕೋಪ ಇಲ್ಲ. ಅವರಲ್ಲಿ ಇಬ್ಬರ ಒರಿಜಿನಲ್ ಸರ್ಟಿಫಿಕೇಟೂ ಅದೇ ಬೀರುವಿನಲ್ಲಿತ್ತು ಅಂತ ಕೊನೆಯ ವರ್ಷ ಗೊತ್ತಾಯಿತು.

ಕೋರ್ಸ್ ಮುಗಿದ ಮೇಲೆ ಕಾಗದ ವಾಪಸ್ ಪಡೆಯಲು ಹೋದೆ, ಅಪ್ಪನೂ ಬಂದಿದ್ದರು. ನೋ ಡ್ಯೂ ಫಾರಂ ಹಿಡಿದು ಲೈಬ್ರರಿ, ಲ್ಯಾಬು, ಹಾಸ್ಟೆಲು, ನಾನು ಯಾವತ್ತೂ ಕಾಲಿಡದ ಸ್ಪೋರ್ಟ್ಸ್ ರೂಮು ಎಲ್ಲ ಸುತ್ತಿದೆ. ಗುಮಾಸ್ತರು ಫೈಲು ತೆಗೆದರು. ಪಿನ್ನಿನ ತುಕ್ಕು ಮಾರ್ಕ್ಸ್ ಕಾರ್ಡಿಗೆ ಹತ್ತಿತ್ತು. ದಪ್ಪ ರಿಜಿಸ್ಟರ್ ಒಂದನ್ನು ಮುಂದಿಟ್ಟು, ಪ್ರತಿ ಕಾಗದದ ಎದುರೂ ‘ಸ್ವೀಕರಿಸಿದ್ದೇನೆ’ ಅಂತ ಬರೆಸಿ ಸಹಿ ಮಾಡಿಸಿಕೊಂಡರು. ಸಾಕ್ಷಿ ಅಂತ ಅಪ್ಪನ ಸಹಿಯನ್ನೂ ಹಾಕಿಸಿಕೊಂಡರು.