ಫೌಂಡೇಶನ್ನೋ, ಇಂಜೆಕ್ಟರ್ರೋ? ನಡುಗುವ ಪಿಕಪ್‌ಗೆ ನಾನು ಮಾಡಿಸಿ ನೋಡಿದ ಮದ್ದುಗಳು

ಬೇಲೂರು ಬಸ್ ಸ್ಟ್ಯಾಂಡ್ ಹತ್ತಿರ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಪಕ್ಕದ ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಡ್ರೈವರ್‌ಗೆ ಎರಡು ಮುಖ ಕಾಣುತ್ತಿತ್ತು. ಸ್ವಲ್ಪ ರೇಸ್ ಕೊಟ್ಟೆ, ಒಂದೇ ಮುಖ ಆಯಿತು. ಕಾಲು ತೆಗೆದೆ, ಮತ್ತೆ ಎರಡು. ಅವತ್ತಿನಿಂದ ಆ ಕನ್ನಡಿಯೇ ನನ್ನ ಮೀಟರ್ರು.

ಗಾಡಿ 2018ರದ್ದು, ಬಿಎಸ್-4, ನಾಲ್ಕು ಸಿಲಿಂಡರಿನ ಕಾಮನ್ ರೈಲ್ ಡೀಸೆಲ್, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು. ಓಡಿರುವುದು 1,60,000 ಕಿಲೋಮೀಟರ್. ಕಾಫಿ ಮೂಟೆ ಹೊತ್ತು ಚಿಕ್ಕಮಗಳೂರಿಗೆ, ಶುಂಠಿ ಹೊತ್ತು ಹಾಸನಕ್ಕೆ, ಖಾಲಿ ಓಡಿದ್ದೇ ಕಡಿಮೆ. ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ಸುಮ್ಮನೆ ಓಡುವಾಗ, ಮುಳ್ಳು ನಿಮಿಷಕ್ಕೆ 800 ಸುತ್ತಿನ ಹತ್ತಿರ ಅಲ್ಲಾಡದೆ ನಿಲ್ಲುತ್ತಿತ್ತು, ಕ್ಯಾಬಿನ್ ಮಾತ್ರ ಗಡಗಡ. ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡಿನ ಚಿಲ್ಲರೆ ತಾನಾಗಿ ಎಣಿಸಿಕೊಳ್ಳುತ್ತಿತ್ತು.

ಮೊದಲ ಮದ್ದು ಪಕ್ಕದ ತೋಟದವರು ಹೇಳಿದ್ದು: ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್. ಇಂಜೆಕ್ಟರ್ ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ, ಅದರ ತುದಿಯೇ ನಾಝಲ್. ಬಾಟಲಿಗೆ 450 ರೂಪಾಯಿ. ಎರಡು ಟ್ಯಾಂಕ್ ಓಡಿಸಿದೆ. ಕನ್ನಡಿಯಲ್ಲಿ ಎರಡು ಮುಖ ಎರಡಾಗಿಯೇ ಉಳಿಯಿತು. ನಾಝಲ್‌ಗೆ ತೆಳ್ಳಗೆ ಕೊಳೆ ಕೂತಿದ್ದರೆ ಇದು ಕೆಲಸ ಮಾಡಬಹುದು, ಸವೆದ ಲೋಹವನ್ನು ಯಾವ ಬಾಟಲಿಯೂ ಬೆಳೆಸಿಕೊಡುವುದಿಲ್ಲ. ಡೀಸೆಲ್ ಫಿಲ್ಟರ್ ಹೇಗೂ ಬದಲಾಯಿಸುವ ಹೊತ್ತಾಗಿತ್ತು, ಹಾಕಿಸಿದೆ. ಕೆಳಗಿನ ಸ್ಕ್ರೂ ಬಿಚ್ಚಿದಾಗ ಅರ್ಧ ಲೋಟದಷ್ಟು ನೀರು ಇಳಿಯಿತು. ಮಳೆಗಾಲ ಮುಗಿದ ಮೇಲೆ ಒಮ್ಮೆಯಾದರೂ ಇಳಿಸಬೇಕಿತ್ತು, ಇಳಿಸಿರಲಿಲ್ಲ. ಅದು ನನ್ನದೇ ತಪ್ಪು. ಏರುದಾರಿಯಲ್ಲಿ ಎಳೆತ ಸ್ವಲ್ಪ ಸುಧಾರಿಸಿತು, ನಡುಕ ಮಾತ್ರ ಹಾಗೇ ಇತ್ತು.

ಆಮೇಲೆ ಬೇಲೂರಿನ ಗ್ಯಾರೇಜು. ಹುಡುಗ ಬಾನೆಟ್ ಎತ್ತಿದ, ಹ್ಯಾಂಡ್‌ಬ್ರೇಕ್ ಹಾಕಿ ಬ್ರೇಕ್ ತುಳಿದುಕೊಂಡು ಫಸ್ಟ್ ಗೇರಿನಲ್ಲಿ ಕ್ಲಚ್ ಒಂಚೂರು ಬಿಡಿ ಅಂದ. ಬಿಟ್ಟೆ. ಇಂಜಿನ್ ಒಂದು ಪಕ್ಕಕ್ಕೆ ಎದ್ದು ಕುಳಿತಿತು. “ಫೌಂಡೇಶನ್ ಹೋಗ್ಬಿಟ್ಟದೆ ಅಣ್ಣ, ಎರಡೂ ಕಡೆ ಹಾಕ್ಸಿ.” ಫೌಂಡೇಶನ್ ಅಂದರೆ ಇಂಜಿನ್ನನ್ನು ಚಾಸಿಯ ಮೇಲೆ ಕೂರಿಸುವ ರಬ್ಬರ್-ಕಬ್ಬಿಣದ ಮೌಂಟು. ಬಿಚ್ಚಿದಾಗ ನಿಜಕ್ಕೂ ಎಡಗಡೆಯದರ ರಬ್ಬರ್ ಕಬ್ಬಿಣದಿಂದ ಬಿಟ್ಟುಕೊಂಡು, ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಬಾಯಿ ತೆರೆದಿತ್ತು.

ಇಲ್ಲಿ ನಾನು ಜುಗ್ಗತನ ಮಾಡಿದೆ. ಕಂಪನಿಯ ಫೌಂಡೇಶನ್ ಜೋಡಿಗೆ 2,900 ಕೇಳಿದರು, ಲೋಕಲ್ ಜೋಡಿ 1,100ಕ್ಕೆ ಸಿಕ್ಕಿತು. ನೋಡೋಕೆ ಎರಡೂ ಒಂದೇ. ಲೋಕಲ್ ಹಾಕಿಸಿ ಹೊರಟೆ. ಹಳೇಬೀಡು ದಾಟುವಷ್ಟರಲ್ಲಿ ಸ್ಟೇರಿಂಗ್ ಹಿಡಿದ ಬೆರಳ ತುದಿಗೆ ಜುಮ್ಮೆನ್ನತೊಡಗಿತು. ಇಂಜಿನ್ ಈಗ ಎಗರುತ್ತಿರಲಿಲ್ಲ, ಆದರೆ ಅದರ ನಡುಕವೆಲ್ಲ ನೇರವಾಗಿ ಚಾಸಿಗೆ ಇಳಿಯುತ್ತಿತ್ತು. ಕಾರಣ ಸರಳ. ಫೌಂಡೇಶನ್ ಇಂಜಿನ್ನನ್ನು ಹಿಡಿದುಕೊಂಡರೆ ಸಾಲದು, ಅದರ ಅದುರನ್ನು ನುಂಗಲೂಬೇಕು. ಗಟ್ಟಿ ರಬ್ಬರ್ ಹಿಡಿಯುತ್ತದೆ, ನುಂಗುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಮೂರು ವಾರಕ್ಕೆ ಸೋತು ಕಂಪನಿಯದನ್ನೇ ಹಾಕಿಸಿದೆ, ಬಿಚ್ಚಿ ಹಾಕುವ ಕೂಲಿ ಎರಡು ಸಲ. ಬೆರಳ ಜುಮ್ಮು ಹೋಯಿತು. ಕನ್ನಡಿಯಲ್ಲಿ ಮುಖ ಒಂದೂವರೆ ಆಯಿತು.

ಆ ಉಳಿದ ಅರ್ಧ ಮುಖವೇ ನನಗೆ ಪಾಠ ಕಲಿಸಿದ್ದು. ಅದುವರೆಗೆ ಒಂದೇ ನಡುಕ ಅಂದುಕೊಂಡಿದ್ದೆ, ಒಳಗೆ ಎರಡಿದ್ದವು. ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. 800 ಸುತ್ತಿಗೆ ನಿಮಿಷಕ್ಕೆ 1,600, ಅಂದರೆ ಸೆಕೆಂಡಿಗೆ 26-27 ಸಲ. ಕೈಗೆ ಅದು ಒಂದೇ ಸಮನೆ ಜುಂ ಅನ್ನುವ ನಡುಕ. ಫೌಂಡೇಶನ್ ಕೆಟ್ಟರೆ ಹೆಚ್ಚುವುದು ಇದು. ಆದರೆ ನಾಲ್ಕರಲ್ಲಿ ಒಂದು ಸಿಲಿಂಡರ್ ಸೋಮಾರಿಯಾದರೆ, ಅದರ ಸರದಿ ಬರುವುದು ಎರಡು ಸುತ್ತಿಗೊಮ್ಮೆ, ಸೆಕೆಂಡಿಗೆ ಆರೇಳು ಸಲ. ಅದು ಜುಂ ಅಲ್ಲ, ದಡ್ ದಡ್ ಅನ್ನುವ ಕುಲುಕು. ಗೇರ್ ಲಿವರ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರೆ ಎರಡೂ ಬೇರೆ ಬೇರೆ ಸಿಗುತ್ತವೆ. ಹೊಸ ಫೌಂಡೇಶನ್ ಜುಂ ಅನ್ನು ನುಂಗಿತ್ತು, ದಡ್ ಉಳಿದಿತ್ತು.

ಚಿಕ್ಕಮಗಳೂರಿನ ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಹೋದೆ. ಇಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರು. “ಕೋಡ್ ಏನೂ ಇಲ್ಲ ಸರ್, ಗಾಡಿ ಸರಿಯಾಗಿದೆ. ಇಜಿಆರ್ ಕ್ಲೀನ್ ಮಾಡಿಸಿ ನೋಡೋಣ.” 1,800 ರೂಪಾಯಿ. ಇಜಿಆರ್ ಅಂದರೆ ಹೊಗೆಯ ಒಂದು ಪಾಲನ್ನು ವಾಪಸ್ ಇಂಜಿನ್ನಿಗೆ ಬಿಡುವ ವಾಲ್ವ್. ವಾಲ್ವ್ ಬಿಚ್ಚಿದಾಗ ಬಾಣಲೆ ತಳದ ಹಾಗೆ ಮಸಿ ಗಟ್ಟಿಯಾಗಿತ್ತು, ತೆಗೆದದ್ದು ವ್ಯರ್ಥವೇನಲ್ಲ, ಕಪ್ಪು ಹೊಗೆ ಕಡಿಮೆಯಾಯಿತು. ಇಜಿಆರ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡರೆ ಹೊಗೆ ವಾಪಸ್ ಒಳಗೆ ನುಗ್ಗಿ ಐಡ್ಲಿಂಗ್ ಹದಗೆಡುವುದು ನಿಜ. ಆದರೆ ಆಗ ನಾಲ್ಕೂ ಸಿಲಿಂಡರಿಗೆ ಹೆಚ್ಚುಕಡಿಮೆ ಒಟ್ಟಿಗೇ ಕಷ್ಟ, ನನ್ನದರ ಹಾಗೆ ಒಂದೇ ತಾಳದಲ್ಲಿ ಕುಂಟುವುದಿಲ್ಲ. ದಡ್ ದಡ್ ಹಾಗೇ ಇತ್ತು. ಚೆಕ್ ಲೈಟ್ ಬರದಿದ್ದರೆ ರೋಗವೇ ಇಲ್ಲ ಅನ್ನುವ ವರ್ಕ್‌ಶಾಪ್‌ಗಳ ಧೋರಣೆ ಕಂಡರೆ ನನಗೆ ಈಗಲೂ ಸಿಟ್ಟು.

ಕೊನೆಗೆ ಹಾಸನ. ಕೈಗಾರಿಕಾ ಪ್ರದೇಶದ ಕಡೆ ಪಂಪ್-ನಾಝಲ್ ಕೆಲಸ ಮಾಡುವ ಒಂದು ಸಣ್ಣ ಅಂಗಡಿ. ಅಲ್ಲಿನ ಹಿರಿಯರು ಮೊದಲು ಸ್ಕ್ಯಾನರನ್ನೇ ಹಾಕಿದರು, ಆದರೆ ಕೋಡ್ ನೋಡಲಿಲ್ಲ, ಇಂಜಿನ್ ಓಡುತ್ತಿರುವಾಗಿನ ಅಂಕಿಗಳನ್ನು ತೆರೆದರು. ಯಾವ ಸಿಲಿಂಡರಿಗೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಎಷ್ಟು ಡೀಸೆಲ್ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಅಂತ ಅಲ್ಲಿ ಕಾಣುತ್ತದೆ. ಮೂರನೆಯದಕ್ಕೆ ಮಾತ್ರ ಎದ್ದು ಕಾಣುವಷ್ಟು ಪ್ಲಸ್. “ನೋಡಿ, ಇದು ಕೆಲಸ ಕದೀತಾ ಇದೆ. ಇಸಿಯು ಮುಚ್ಚಾಕ್ತಾ ಇದೆ. ಅದಕ್ಕೇ ಮುಳ್ಳು ಅಲ್ಲಾಡಲ್ಲ, ಲೈಟೂ ಬರಲ್ಲ.”

ಇಂಜೆಕ್ಟರ್‌ಗಳ ಪ್ಲಗ್ ಒಂದೊಂದಾಗಿ ಕಿತ್ತರು. ಒಂದು, ಎರಡು, ನಾಲ್ಕು ಕಿತ್ತಾಗ ಇಂಜಿನ್ ಮುಗ್ಗರಿಸಿತು. ಮೂರನೆಯದನ್ನು ಕಿತ್ತಾಗ ಅದಕ್ಕೆ ಗೊತ್ತೇ ಆಗಲಿಲ್ಲ. ನಮ್ಮಪ್ಪನ ಕಾಲದ ಟ್ರ್ಯಾಕ್ಟರಿನಲ್ಲಿ ಇದೇ ಪರೀಕ್ಷೆಯನ್ನು ಸ್ಪ್ಯಾನರಿನಲ್ಲಿ ಪೈಪಿನ ನಟ್ ಸಡಿಲಿಸಿ ಮಾಡುತ್ತಿದ್ದರು. ಕಾಮನ್ ರೈಲ್‌ನಲ್ಲಿ ಆ ಬುದ್ಧಿ ಬೇಡ. ಐಡ್ಲಿಂಗ್‌ನಲ್ಲೇ ರೈಲ್ ಒಳಗೆ ನೂರಾರು ಬಾರ್ ಒತ್ತಡ ಇರುತ್ತದೆ, ಲೋಡ್ ಬಿದ್ದಾಗ ಸಾವಿರ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಆಮೇಲೆ ರಿಟರ್ನ್ ಚೆಕ್. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಸಿಕ್ಕಿಸಿ, ಇಂಜಿನ್ ಓಡಿಸಿ ಬಿಟ್ಟರು. ಉರಿಯದೆ ವಾಪಸ್ ಸೋರುವ ಡೀಸೆಲ್ ಅದರಲ್ಲಿ ತುಂಬುತ್ತದೆ, ಹೆಚ್ಚು ಸೋರಿದರೆ ಆ ಇಂಜೆಕ್ಟರ್ ಸವೆದಿದೆ ಅಂತ. ನಾನು ಹತ್ತಿರ ಕೂತು ನೋಡುತ್ತಿದ್ದೆ. ಉಳಿದ ಮೂರು ಬಾಟಲಿಯಲ್ಲಿ ತಳ ಮುಚ್ಚುವಷ್ಟು ಹನಿಯುವ ಹೊತ್ತಿಗೆ ಮೂರನೇ ಸಿಲಿಂಡರಿನ ಬಾಟಲಿ ಅರ್ಧ ದಾಟಿತ್ತು. ಇದಕ್ಕೆ ತಗೊಂಡದ್ದು 400 ರೂಪಾಯಿ. ಕ್ಲೀನರ್ ಬಾಟಲಿಗಿಂತ ಐವತ್ತು ಕಡಿಮೆ!

ಇಂಜೆಕ್ಟರ್ ಕಿತ್ತಾಗ ಕೆಳಗಿನ ತಾಮ್ರದ ವಾಷರ್ ಸುತ್ತ ಕಪ್ಪು ಡಾಂಬರಿನಂಥದ್ದು ಅಂಟಿತ್ತು. ಅಲ್ಲಿಂದಲೂ ಗ್ಯಾಸ್ ನುಸುಳುತ್ತಿತ್ತಂತೆ. ಹಾಗಿದ್ದರೆ ಬಾನೆಟ್ ಎತ್ತಿದಾಗ ಚುಸ್ ಚುಸ್ ಅನ್ನುವ ಸದ್ದು ಬರುತ್ತದೆ, ನಾನು ಅದನ್ನು ಬೆಲ್ಟಿನ ಸದ್ದು ಅಂದುಕೊಂಡಿದ್ದೆ. ಹೊಸ ಇಂಜೆಕ್ಟರೋ, ರಿಪೇರಿಯೋ ಎಂದು ಕೇಳಿದರು. ರಿಪೇರಿಗೆ 7,500, ಹೊಸದಕ್ಕೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಇಂಜೆಕ್ಟರ್ ಪರೀಕ್ಷಿಸುವ ಬೆಂಚಿನಲ್ಲಿ ಹಾಕಿ ತೋರಿಸಿದರೆ ಮಾತ್ರ ರಿಪೇರಿ ಅಂದೆ, ತೋರಿಸಿದರು. ಹೊಸದೇ ಹಾಕಿಸುವವರು ಒಂದು ಮರೆಯಬೇಡಿ. ಇಂಜೆಕ್ಟರ್ ತಲೆಯ ಮೇಲೆ ಕೆತ್ತಿರುವ ಕೋಡನ್ನು ಸ್ಕ್ಯಾನರ್‌ನಿಂದ ಇಸಿಯುಗೆ ಬರೆಸಬೇಕು. ವಾಷರ್ ಹಳೆಯದನ್ನೇ ತಿರುಗಿಸಿ ಹಾಕುವವರೂ ಇದ್ದಾರೆ, ಪಕ್ಕದಲ್ಲಿ ನಿಂತು ಹೊಸದು ಹಾಕಿಸಿ.

ನಾನು ಮಾಡಿದ್ದೆಲ್ಲ ಹಿಂದುಮುಂದು. ಅಂಗೈ ಪರೀಕ್ಷೆಗೆ ಕಾಸಿಲ್ಲ, ಬಾಟಲಿ ಪರೀಕ್ಷೆಗೆ 400. ಅವೆರಡನ್ನೂ ಕೊನೆಗೆ ಇಟ್ಟುಕೊಂಡು, ಸಾವಿರದ ಮಾತಿನ ಬಾಗಿಲನ್ನೇ ಮೊದಲು ತಟ್ಟಿದೆ. ಹಾಗಂತ ಬೇಲೂರಿನ ಹುಡುಗ ಸುಳ್ಳು ಹೇಳಿರಲಿಲ್ಲ. ಅವನು ಹಿಡಿದದ್ದು ಅರ್ಧ ರೋಗ, ಹಾಸನದವರು ಹಿಡಿದದ್ದು ಇನ್ನರ್ಧ. ಇಂಜೆಕ್ಟರ್ ಮೊದಲು ಮಾಡಿಸಿ ಫೌಂಡೇಶನ್ ಬಿಟ್ಟಿದ್ದರೂ ಕನ್ನಡಿಯಲ್ಲಿ ಒಂದೂವರೆ ಮುಖವೇ ಇರುತ್ತಿತ್ತೇನೋ.

ಈಗ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಕನ್ನಡಿಯಲ್ಲಿ ಒಂದೇ ಮುಖ, ಅಂಚು ಮಾತ್ರ ಕೊಂಚ ಮಸುಕು. ಗೇರ್‌ಬಾಕ್ಸ್ ಕೆಳಗಿನ ಫೌಂಡೇಶನ್ ಇನ್ನೂ ಹಳೆಯದೇ ಇದೆ. ರೊಬಸ್ಟಾ ಕೊಯ್ಲು ಮುಗಿಯಲಿ, ಅದನ್ನೂ ಬಿಚ್ಚಿಸಬೇಕು. ಈ ಸಲ ಕಂಪನಿಯದೇ.